ಅಮರೇಶಪ್ಪನ ಹೆಂಡತಿಯ ಓಟ

ಅಮರೇಶಪ್ಪ ನಗಬಾರದಿತ್ತು. ನಕ್ಕರೂ ಸೈಲೆನ್ಸರ್ ಒಡೆದ ಆಟೋದ ಹಾಗೆ ಅಷ್ಟು ಜೋರಾಗಿ ನಗಬಾರದಿತ್ತು.

ಬೆಳಿಗ್ಗೆ ಮಣಿಕೊಂಡದಿಂದ ಹೊರಟ ಕಂಪನಿ ಕ್ಯಾಬಿನಲ್ಲಿ ಎಫ್‌ಎಂ ರೇಡಿಯೋ ಹಚ್ಚಿತ್ತು. ಹಿಂದಿನ ದಿನ ನಮ್ಮ ದೇಶದ ಹುಡುಗಿಯರು ರಿಲೇ ಓಟದಲ್ಲಿ ಚಿನ್ನ ಗೆದ್ದಿದ್ದರು. ರೇಡಿಯೋ ನಿರೂಪಕ ಹಿಂದಿಯಲ್ಲಿ, "ಅಷ್ಟು ಜೋರಾಗಿ ಯಾಕೆ ಓಡಿದರು ಗೊತ್ತೇ? ಓಟ ಮುಗಿಯುವ ಗೆರೆಯಾಚೆ ಸುಲ್ತಾನ್ ಬಜಾರಿನ ಸೀರೆ ಸೇಲ್ ಬೋರ್ಡು ಹಾಕಿದ್ದರಂತೆ!" ಎಂದ. ಅಮರೇಶಪ್ಪ ಸೀಟು ಕುಣಿಯುವಂತೆ ನಕ್ಕ. ನಕ್ಕು ಮುಗಿಸಿ ನೋಡಿದರೆ ಕ್ಯಾಬಿನಲ್ಲಿ ಮತ್ಯಾರೂ ನಕ್ಕಿರಲಿಲ್ಲ.

ಮುಂದಿನ ಸೀಟಿನಲ್ಲಿ ಅವನ ತಂಡದ ಪೂರ್ವಿ ಕೂತಿದ್ದಳು. ಮೈಸೂರಿನಲ್ಲಿ ಕಾಲೇಜಿನ ಪರವಾಗಿ ಓಡಿದ ಹುಡುಗಿ. ತಿರುಗಿ ಒಮ್ಮೆ ನೋಡಿ, "ನಾವು ಕತ್ತಲಲ್ಲೇ ಎದ್ದು ಓಡ್ತಾ ಇದ್ವಿ ಸರ್, ಸೀರೆಗಲ್ಲ," ಎಂದಳು. ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಮಧ್ಯಾಹ್ನದ ಹೊತ್ತಿಗೆ ಆ ನಗು ಕ್ಯಾಂಟೀನ್ ತಲುಪಿತ್ತು. ಅನ್ನ ಕಲಸುತ್ತಿದ್ದ ಅಮರೇಶಪ್ಪನ ಎದುರಿಗೆ ಮಂಗಳೂರಿನ ಮನೋಜ ಬಂದು ಕೂತ.

"ಎಂಥ ಮಾರಾಯ್ರೆ, ಹೆಣ್ಮಕ್ಕಳು ಚಿನ್ನ ಗೆದ್ರೆ ನೀವು ಹಲ್ಲು ಕಿಸಿಯುವುದಾ?"

"ತಪ್ಪಾತು ಅಪ್ಪಾ. ಈಗ ಏನ್ ಮಾಡಬೇಕಂತಿ?"

"ಸಂಜೆ ರೇಡಿಯೋದ ಅದೇ ಜನದ ಫೋನ್ ಕಾರ್ಯಕ್ರಮ ಉಂಟು. ಫೋನ್ ಮಾಡಿ ಸಮಾ ಜಾಡಿಸಿ. ನಾವೆಲ್ಲ ಕೇಳ್ತೇವೆ."

ಸಂಜೆ ಇಡೀ ತಂಡ ಮನೋಜನ ಮೊಬೈಲ್ ರೇಡಿಯೋ ಸುತ್ತ ನೆರೆಯಿತು. ಅಮರೇಶಪ್ಪ ಮೂಲೆಗೆ ಹೋಗಿ ಫೋನ್ ಹಚ್ಚಿದ. ಯಾರಿಗೂ ಸಿಗದ ಲೈನು ಅವನಿಗೆ ಥಟ್ಟನೆ ಸಿಕ್ಕಿತು. ದೇಶಕ್ಕೆ ಚಿನ್ನ ತಂದವರನ್ನು ಹೀಗೆ ಹಗುರಾಗಿ ಆಡಿಕೊಳ್ಳಬಾರದು, ಅವರ ಬೆವರಿಗೆ ಬೆಲೆ ಕೊಡಿ ಎಂದು ತನ್ನ ದಖ್ಖನಿ ಹಿಂದಿಯಲ್ಲಿ ಸರಿಯಾಗೇ ಹೇಳಿದ. ದೂರದಲ್ಲಿ ಪೂರ್ವಿಯ ಮುಖ ಸಡಿಲವಾದದ್ದು ಕಂಡಿತು. ಅಲ್ಲಿಗೇ ನಿಲ್ಲಿಸಿದ್ದರೆ ಮನುಷ್ಯ ಗೆದ್ದಿದ್ದ.

"ಭಾಯ್‌ಸಾಬ್, ನಿಮ್ಮ ಮನೆಯಲ್ಲಿ ಯಾರಾದರೂ ಓಡುತ್ತಾರೆಯೇ?" ಎಂದು ನಿರೂಪಕ ಕೇಳಿದ.

"ನನ್ನ ಹೆಂಡತಿ ದಾನೇಶ್ವರಿ ಓಡುತ್ತಾಳೆ! ನಾನೇ ಓಡಿಸುತ್ತೇನೆ!"

ದಾನೇಶ್ವರಿ ಓಡಿದ್ದನ್ನು ಅವನು ಕಂಡದ್ದು ಹಾಲು ಉಕ್ಕಿದಾಗ ಮಾತ್ರ.

ನಿರೂಪಕನ ದನಿ ಇಳಿಯಿತು. ಬೆಳಗಿನ ಮಾತಿಗೆ ಎಲ್ಲರ ಕ್ಷಮೆ ಕೇಳಿದ. ಭಾನುವಾರ ಲಿಂಗಂಪಲ್ಲಿಯಲ್ಲಿ ಹೆಂಗಸರ ಓಟ ಏರ್ಪಡಿಸುತ್ತೇವೆ, ದಾನೇಶ್ವರಿಯವರೇ ಮುಂದೆ ಓಡುತ್ತಾರೆ ಎಂದೂ ಸಾರಿಬಿಟ್ಟ. ಆಫೀಸು ಚಪ್ಪಾಳೆ ತಟ್ಟಿತು. ಪೂರ್ವಿ ಹತ್ತಿರ ಬಂದು, "ಸಾರಿ ಸರ್, ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ," ಎಂದಳು. ಬೆಳಗಿನ ನೋಟವೇ ಇದಕ್ಕಿಂತ ಹಗುರಾಗಿತ್ತು.

ಹೆಂಡತಿಯ ಕಾಲಿಗೆ ಬಿದ್ದಾದರೂ ಒಪ್ಪಿಸಬೇಕು ಎಂದುಕೊಂಡು ಮನೆಯ ಮೆಟ್ಟಿಲೇರಿದ. ಬಾಗಿಲು ತೆರೆದೇ ಇತ್ತು. ಹಗಲೆಲ್ಲ ರೇಡಿಯೋ ಹಚ್ಚಿಟ್ಟುಕೊಳ್ಳುವ ಪಕ್ಕದ ಮನೆಯ ಗುರುಬಾಯಿ ಒಳಗೆ ಕೂತಿದ್ದಳು. ದಾನೇಶ್ವರಿಯ ಕಣ್ಣು ಒದ್ದೆಯಾಗಿತ್ತು. ಮುಗಿಯಿತು ಕತೆ ಎಂದುಕೊಂಡ.

"ಯಾರ್ ಹೇಳಿದ್ರು ನಿಮಗ?" ಎಂದಳು ದಾನೇಶ್ವರಿ.

"ಏನ?"

"ನಾ ಓಡ್ತಿದ್ದೆ ಅಂತ! ಕಲಬುರಗಿಗೆ ಹೋಗಿ ಕಪ್ ತಂದಿದ್ದೆ. ಮೈದಾನದಾಗ ಓಡೋ ಹುಡುಗಿ ಬ್ಯಾಡ ಅಂತ ಗಂಡಿನ ಕಡಿಯವ್ರು ಅಂದಾರ, ಬಾಯಿ ಬಿಡಬ್ಯಾಡ ಅಂತ ಅಪ್ಪ ಆಣಿ ಹಾಕಿಸ್ಕೊಂಡಿದ್ದ. ಇಷ್ಟ ವರ್ಷ ಹೊಟ್ಟ್ಯಾಗ ಇಟ್ಕೊಂಡಿದ್ದೆ. ನಿಮಗ ಗೊತ್ತಿತ್ತಲ್ಲ!"

ಗಂಡಿನ ಕಡೆಯವರು ಎಂದರೆ ಯಾರೆಂದು ಅಮರೇಶಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಹುಡುಗಿ ನೋಡುವ ಮೊದಲೇ ಆ ಮಾತು ಹೇಳಿ ಕಳಿಸಿದವನು ಅವನೇ. ನಿಜ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿದ. ಮದುವೆಯಾದ ಮೇಲೆ ಆ ಮುಖದಲ್ಲಿ ಅಷ್ಟು ಬೆಳಕು ಕಂಡಿರಲಿಲ್ಲ. ತೆರೆದ ಬಾಯಿ ತಾನಾಗಿ ಮುಚ್ಚಿಕೊಂಡಿತು. ತಲೆ ತಗ್ಗಿತು, ಕಿವಿ ಕೆಂಪಾದವು, ನೆಲ ಬಿರಿದರೆ ಇಳಿದುಬಿಡೋಣ ಅನ್ನಿಸಿತು.

ಗುರುಬಾಯಿ ಗಲ್ಲದ ಮೇಲೆ ಕೈಯಿಟ್ಟುಕೊಂಡಳು.

"ಹೆಂಡ್ತಿನ್ನ ಹೊಗಳಿ ಬಂದು ಹ್ಯಾಂಗ ನಿಂತಾರ ನೋಡವಾ! ಇಷ್ಟು ನಾಚಿಕಿ ಇರೋ ಗಂಡಸನ್ನ ನಾ ಎಲ್ಲೂ ನೋಡಿಲ್ಲ!"