ಡಾನ್ ಸಿರಿಲೋಗೆ ನಾನು ಕೊಟ್ಟ ಬೀಳ್ಕೊಡುಗೆ

ಇನ್ನೈದು ದಿನಗಳಲ್ಲಿ ನಾನು ಇಡೀ ಪರಾಗ್ವೆ ದೇಶವೇ ತಲೆದೂಗುವಂಥ ಭಾಷಣಕಾರನಾಗುತ್ತೇನೆ! ಸೋಮವಾರ ಬೆಳಿಗ್ಗೆ, ಬಾಯಲ್ಲಿ ಅರ್ಧ ಚಿಪಾ ರೊಟ್ಟಿ ಇಟ್ಟುಕೊಂಡೇ ಹೀಗೆಂದು ಘೋಷಿಸಿದೆ.

"ಮೊದಲು ನುಂಗು," ಎಂದಳು ನನ್ನ ಹೆಂಡತಿ ಸುನಿಲ್ದಾ.

ಸಂಗತಿ ಇಷ್ಟೇ. ನಮ್ಮೂರಿನ ನೀರು ಸರಬರಾಜು ಕಚೇರಿಯ ಮುಖ್ಯಸ್ಥ ಸಿರಿಲೋ, ಊರವರು ಗೌರವದಿಂದ ಕರೆಯುವಂತೆ 'ಡಾನ್' ಸಿರಿಲೋ, ಶನಿವಾರ ನಿವೃತ್ತರಾಗುವವರಿದ್ದರು. ವಾಲ್ವ್ ಯಾವ ಕಡೆ ತಿರುಗುತ್ತದೆಂದೂ ತಿಳಿಯದಿದ್ದ ನನಗೆ ಕೆಲಸ ಕಲಿಸಿದವರು ಅವರು. "ನನ್ನ ಬಗ್ಗೆ ಎಲಾದಿಯೋನೇ ಮಾತಾಡ್ಬೇಕು," ಎಂದು ನನ್ನ ಹೆಸರನ್ನೇ ಹೇಳಿ ಹಠ ಹಿಡಿದಿದ್ದರು. ಆದರೆ ನನ್ನ ಭಾಷಣದ ಚರಿತ್ರೆ ಹೇಳಿಕೊಳ್ಳುವಂಥದ್ದಲ್ಲ. ಕಳೆದ ವರ್ಷ ಹೊಸ ಕೊಳವೆಬಾವಿಯ ಉದ್ಘಾಟನೆಯಲ್ಲಿ ಎದ್ದು ನಿಂತು "ಮಾನ್ಯರೇ" ಎಂದೆ. ಮುಂದಿನದು ನೆನಪಾಗಲಿಲ್ಲ. ಮತ್ತೆ "ಮಾನ್ಯರೇ" ಎಂದೆ. ಮೂರನೇ "ಮಾನ್ಯರೇ"ಗೆ ಕುಳಿತುಬಿಟ್ಟೆ. ಅಂದು ಬಾವಿಗಿಂತ ಹೆಚ್ಚು ನೀರು ನನ್ನ ಅಂಗಿಯಿಂದ ಬಂದಿತ್ತು!

ಸುನಿಲ್ದಾ ಶಾಲೆಯಲ್ಲಿ ಸಂಗೀತ ಕಲಿಸುವವಳು. ಅವಳೇ ನನ್ನ ಗುರುವಾದಳು.

"ಚೀಟಿ ನೋಡ್ಬೇಡ. ಗಂಟಲಿಂದಲ್ಲ, ಹೊಟ್ಟೆಯಿಂದ ಮಾತಾಡು. ದಿನಾ ಹಿತ್ತಲಲ್ಲಿ ನಿಂತು ಗಟ್ಟಿಯಾಗಿ ಅಭ್ಯಾಸ ಮಾಡು."

"ಯಾರ ಮುಂದೆ?"

"ಕೋಳಿಗಳ ಮುಂದೆ. ಅವು ಮಧ್ಯೆ ಎದ್ದು ಹೋದ್ರೂ ನಿಂಗೆ ಅವಮಾನ ಆಗಲ್ಲ."

ಮೊದಲ ದಿನ ಕೋಳಿಗಳ ಮುಂದೆಯೂ "ಮಾನ್ಯರೇ" ದಾಟಲಿಲ್ಲ. ಬುಧವಾರ ದನಿ ಬಂತು. ಗುರುವಾರ ನನ್ನ ಅಬ್ಬರಕ್ಕೆ ಹುಂಜವೇ ಬಾಯಿ ಮುಚ್ಚಿತು! ಶುಕ್ರವಾರ ಬೆಳಿಗ್ಗೆ ಬಟ್ಟೆ ಒಗೆಯುವ ಟಬ್ಬನ್ನು ಬೋರಲು ಹಾಕಿ, ಅದರ ಮೇಲೆ ಹತ್ತಿ ನಿಂತು ಗರ್ಜಿಸಿದೆ:

"ಡಾನ್ ಸಿರಿಲೋ ನಮ್ಮನ್ನು ಬಿಟ್ಟು ಹೊರಟರು! ಆ ಕುರ್ಚಿ ಇನ್ನು ಖಾಲಿ! ಅಂಥವರು ಮತ್ತೆ ಹುಟ್ಟಿ ಬರುವುದಿಲ್ಲ!"

ಹೇಳುತ್ತ ಹೇಳುತ್ತ ನನಗೇ ದುಃಖ ಉಮ್ಮಳಿಸಿ ಬಂತು. ಬಿಕ್ಕಿ ಬಿಕ್ಕಿ ಅತ್ತೆ. ಆಹಾ, ಇದಲ್ಲವೇ ಭಾಷಣ! ಗೋಡೆಯಾಚೆ, ನಾವೆಲ್ಲ ಗೌರವದಿಂದ 'ನ್ಯಾ' ಎಂದು ಕರೆಯುವ ಪಕ್ಕದ ಮನೆಯ ಮುದುಕಿ ಪೊರ್ಫಿರಿಯಾ ಬಟ್ಟೆ ಒಣಹಾಕುತ್ತಿದ್ದದ್ದು ನನಗೇನು ಗೊತ್ತು?

ಖುಷಿಯಿಂದ ನಿಧಾನವಾಗಿ ತಿಂಡಿ ತಿಂದು, ಒಂದು ಗಂಟೆ ಕಳೆದ ಮೇಲೆ ಸ್ನಾನಕ್ಕೆ ಹೋದೆ. ಮೈಗೆಲ್ಲ ಸೋಪು ಹಚ್ಚುವಷ್ಟರಲ್ಲಿ ನೀರು ನಿಂತಿತು.

"ಸುನಿಲ್ದಾ! ನೀರು!"

"ಇಡೀ ಊರಲ್ಲೇ ಇಲ್ವಂತೆ! ಯಾರೋ ದೊಡ್ಡೋರು ಹೋಗ್ಬಿಟ್ರಂತೆ. ಪಂಪಿನೋರು ಗೌರವಕ್ಕೆ ಅರ್ಧ ಗಂಟೆ ನಿಲ್ಸಿದಾರೆ!"

ಅಷ್ಟರಲ್ಲಿ ಗೇಟಿನ ಬಳಿ ಗದ್ದಲ. ಟವೆಲ್ ಸುತ್ತಿಕೊಂಡು ಹೊರಬಂದರೆ ಅಂಗಳದ ತುಂಬ ಜನ! ಕಪ್ಪು ಬಟ್ಟೆ ಉಟ್ಟ ನ್ಯಾ ಪೊರ್ಫಿರಿಯಾಳ ಕೈಯಲ್ಲಿ ಜಪಸರ. ಪಂಪಿನವರ ಕೈಯಲ್ಲಿ ನನಗಿಂತ ಎತ್ತರದ ಹೂಚಕ್ರ.

"ಯಾವಾಗ ಹೋದ್ರಪ್ಪ?" ಎಂದಳು ಆಕೆ.

"ಯಾರು?"

"ಪಾಪ, ದುಃಖಕ್ಕೆ ಮಂಕು ಬಡಿದಿದೆ. ಡಾನ್ ಸಿರಿಲೋ ಕಣೋ! ಮನೆಗೆ ಬೀಗ ಹಾಕಿದೆ. ಎಲ್ಲಿ ಇಟ್ಟಿದಾರೆ?"

ಜಾರುತ್ತಿದ್ದ ಟವೆಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಆಗಲೇ ಗುಂಪಿನ ಹಿಂದೆ ಒಬ್ಬರು ಬಂದು ನಿಂತರು. ಹೆಗಲ ಮೇಲೆ ಗಾಳ, ಕೈಯಲ್ಲಿ ಎರಡು ಮೀನು. ಮುಂದಿದ್ದವನ ಕಿವಿಯಲ್ಲಿ ಮೆಲ್ಲಗೆ ಕೇಳಿದರು:

"ಯಾರಪ್ಪ ಹೋದದ್ದು?"

ಅವನು ತಿರುಗಿಯೂ ನೋಡದೆ ಹೇಳಿದ: "ನೀರಿನ ಕಚೇರಿ ಸಿರಿಲೋ."

"ಛೆ ಛೆ, ಒಳ್ಳೆ ಮನುಷ್ಯ," ಎಂದು ಅವರು ಟೋಪಿ ತೆಗೆದರು. ಟೋಪಿ ಎದೆಯ ಹತ್ತಿರವೇ ನಿಂತಿತು. "ಯಾವ ಸಿರಿಲೋ?!"

ಆಮೇಲಿನ ಕಿರುಚಾಟ ನಮ್ಮೂರ ಸರೋವರದ ಆಚೆ ದಡಕ್ಕೂ ಕೇಳಿಸಿರಬೇಕು. ಪಂಪಿನವರು ಹೂಚಕ್ರದ ಹಿಂದೆ ಅಡಗಿದರು. ಮೀನು ನೆಲಕ್ಕೆ ಬಿತ್ತು. ಕೊನೆಗೆ ಎಲ್ಲರ ಕಣ್ಣೂ ನನ್ನತ್ತ ತಿರುಗಿದವು. ಸುನಿಲ್ದಾ ಟಬ್ಬನ್ನು ತಂದು ನನ್ನ ಮುಂದೆ ಬೋರಲು ಹಾಕಿದಳು.

"ಹತ್ತು. ಹೊಟ್ಟೆಯಿಂದ ಮಾತಾಡು."

ಹತ್ತಿದೆ. ಒಂದು ಕೈಯಲ್ಲಿ ಟವೆಲ್, ಮೈಯೆಲ್ಲ ಒಣಗುತ್ತಿರುವ ಸೋಪು.

"ಇವರು ಸತ್ತಿಲ್ಲ," ಎಂದೆ. "ನಾಳೆ ಕಚೇರಿ ಬಿಡ್ತಾರೆ, ಅಷ್ಟೇ. ಅಷ್ಟಕ್ಕೇ ನಂಗೆ ಅಳು ಬಂತು. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ದೊಡ್ಡ ಪೈಪು ಒಡೆದು ಚೌಕ ಎಲ್ಲಾ ಕೆರೆ ಆಯ್ತಲ್ಲ, ನೆನಪಿದೆಯಾ? ನೀವೆಲ್ಲ ಇವರನ್ನ ಬೈದ್ರಿ. ಇವರು ಬೈಸ್ಕೊಂಡ್ರು. ಒಡೆದದ್ದು ನಾನು."

ಡಾನ್ ಸಿರಿಲೋ ಟೋಪಿ ಹಾಕಿಕೊಂಡು, ಅದನ್ನು ಕಣ್ಣು ಮುಚ್ಚುವಷ್ಟು ಕೆಳಕ್ಕೆಳೆದರು.

"ಇಳಿಯೋ ಮಾರಾಯ, ನೆಗಡಿಯಾಗತ್ತೆ," ಎಂದರು. ದನಿ ಒದ್ದೆಯಾಗಿತ್ತು. "ಯಾರಾದ್ರೂ ಹೋಗಿ ಪಂಪು ಹಾಕ್ರಪ್ಪ."

ಶನಿವಾರ ಮುನ್ನೂರು ಜನರ ಮುಂದೆ, ಬಟ್ಟೆ ತೊಟ್ಟು, ಚೀಟಿ ಇಲ್ಲದೆ ಹತ್ತು ನಿಮಿಷ ಮಾತಾಡಿದೆ! "ಮಾನ್ಯರೇ" ಎಂದದ್ದು ಒಂದೇ ಸಲ. ಚಪ್ಪಾಳೆಗೆ ಚಾವಣಿ ಅಲುಗಿತು.

ಭಾನುವಾರ ನ್ಯಾ ಪೊರ್ಫಿರಿಯಾ ಬಿಸಿ ಬಿಸಿ ಕಾರ್ನ್ ರೊಟ್ಟಿಯ ತಟ್ಟೆ ಹಿಡಿದು ಬಂದಳು.

"ನನ್ನ ಗಂಡ ಹೋದಾಗ್ಲೂ ನಾನು ಇಷ್ಟು ಅತ್ತಿರಲಿಲ್ಲ ಮಗಾ. ನನ್ನ ದಿನ ಬಂದಾಗ ನೀನೇ ಮಾತಾಡ್ಬೇಕು."

ನಾನು ಎದೆಯುಬ್ಬಿಸಿದೆ. "ಖಂಡಿತ ನ್ಯಾ! ಇವತ್ತಿಂದಲೇ ಅಭ್ಯಾಸ ಶುರು ಮಾಡ್ತೀನಿ!"

ಆಕೆ ತಟ್ಟೆಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು.

"ಅಭ್ಯಾಸ ಗಿಭ್ಯಾಸ ಬೇಡಪ್ಪ! ನಂಗೆ ಇನ್ನೂ ಬದುಕ್ಬೇಕು!"