ತವರ ಸೀರೆಗೆ ಬಂದ ಪಂಚರ್

ನನ್ನ ಕರೆಂಟು ಸ್ಕೂಟರು ಸಂತೆಗೆ, ಸಿನಿಮಾಕ್ಕೆ ಹೋದಾಗ ಎಂದೂ ಪಂಚರ್ ಆಗಿಲ್ಲ. ಆಸ್ಪತ್ರೆ, ಸಾವು ಅಂದ್ರೆ ಸಾಕು, ಎಲ್ಲಿದ್ದ ಮೊಳೆಯೂ ಹುಡುಕಿಕೊಂಡು ಬರ್ತದೆ.

ಆ ಮಂಗಳವಾರ ವೈದ್ಯನಾಥಪುರದಲ್ಲಿ ನಮ್ಮಕ್ಕ ತೀರಿಕೊಂಡಳು. ತಾಯಿಯಿಲ್ಲದ ನನ್ನನ್ನ ಸಾಕಿದವಳು. ನಮ್ಮ ಕಡೆ ಮುತ್ತೈದೆ ಸತ್ರೆ ತವರಿನ ಸೀರೆ ಹೊದಿಸಬೇಕು. ತವರು ಅಂತ ಉಳಿದಿರೋನು ನಾನೊಬ್ನೇ. ಭಾವ ಫೋನಿನಲ್ಲಿ, “ಮೂರಕ್ಕೆ ರಾಹುಕಾಲ ಕಣ್ಲಾ. ಅಷ್ಟ್ರೊಳಗೆ ಬರ್ದಿದ್ರೆ ಊರೋರ್ ಸೀರೇಲೇ ಎತ್ಬುಡ್ತೀವಿ” ಅಂದ್ರು. ಮಳವಳ್ಳೀಲಿ ಸೀರೆ ತಗೊಂಡು ಹೊರಟೆ.

೧. ಚಾರ್ಜು

ಮದ್ದೂರು ರಸ್ತೇಲಿ ಅರ್ಧ ದಾರಿಗೆ ಹಿಂದಿನ ಚಕ್ರ ಕೂತುಬಿಡ್ತು. ಬಸ್ಸು ಆಗ ತಾನೇ ಹೋಗಿತ್ತು. ತಳ್ಳಿಕೊಂಡು ಹೊರಟೆ. ಮೊಪೆಡ್ ಮೇಲೆ ಹುಲ್ಲು ಹೇರಿಕೊಂಡು ಬಂದ ಹಿರಿಯರೊಬ್ಬರು ನಿಲ್ಲಿಸಿದ್ರು.

“ಚಾರ್ಜು ಓಯ್ತೇನಪ್ಪಾ?”

“ಇಲ್ಲ ಕಣಣ್ಣ, ಪಂಚರ್.”

“ಅದೇ ಕಣಪ್ಪ, ಕರೆಂಟು ಗಾಡಿ ಅಂದ್ರೆ ಇಂಗೇಯ.”

“ಪೆಟ್ರೋಲ್ ಗಾಡಿ ಪಂಚರ್ ಆಗಲ್ವಾ?”

ಅವರು ಬಗ್ಗಿ ಚಕ್ರ ನೋಡಿದ್ರು. ಪಾಪ, ಮನಸ್ಸು ಒಳ್ಳೇದು. “ನಮ್ಮನೆ ಇಲ್ಲೇ ಅದೆ. ಬಾ, ಚಾರ್ಜಿಗೆ ಆಕು. ನಾಕ್ ಗಂಟೆಗೆ ಕರೆಂಟು ಬತ್ತದೆ.”

೨. ಮೋಟ್ರು

ಮುಂದಿನ ಊರಲ್ಲಿ ಪಂಚರ್ ಅಂಗಡಿ ಸಿಕ್ತು. ಅಂಗಡಿಯವನು ಚಕ್ರ ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

“ಇದ್ರಲ್ಲಿ ಮೋಟ್ರು ಅದೆ. ನಾ ಮುಟ್ಟಲ್ಲ. ಕರೆಂಟು ಸಾಕ್ ಒಡೆದ್ರೆ?”

“ಅಲ್ಲಿ ನಮ್ಮಕ್ಕನ ಹೆಣ ಕಾಯ್ತಾ ಅದೆ ಕಣಪ್ಪ!”

“ಅದ್ಕೇ ಅಣ್ಣ, ಒಂದೇ ದಿನ ಎಲ್ಡ್ ಹೆಣ ಯಾಕೆ?”

ಕೊನೆಗೆ ಅವನು ದೂರ ನಿಂತು ಹೇಳಿದ, ನಾನು ಮಾಡಿದೆ. ಇಕ್ಕಳದಲ್ಲಿ ಮೊಳೆ ಕಿತ್ತೆ, ತೂತಿಗೆ ರಬ್ಬರ್ ಬತ್ತಿ ತುರುಕಿದೆ, ಗಾಳಿಯನ್ನೂ ನಾನೇ ಹೊಡೆದೆ. ಹೊರಡುವಾಗ ಅವನು, “ಕೈ ಚೆನ್ನಾಗದೆ ಅಣ್ಣ. ತಿಥಿ ಮುಗ್ಸ್ಕಂಡು ಕೆಲ್ಸಕ್ ಬಾ” ಅಂದ.

೩. ಸೀರೆ

ಮೂರಕ್ಕೆ ಹತ್ತು ನಿಮಿಷ ಇರೋವಾಗ ತಲುಪಿದೆ. ಚಟ್ಟ ಸಿದ್ಧವಾಗಿತ್ತು. ಓಡಿಹೋಗಿ ಸೀರೆ ಬಿಚ್ಚಿ ಅಕ್ಕನ ಮೇಲೆ ಹೊದಿಸಿದೆ. ಹಳದಿ ಸೀರೆ ತುಂಬ ನನ್ನ ಹತ್ತು ಬೆರಳಿನ ಟೈರಿನ ಮಸಿ! ಹೆಂಗಸರು ಅಳೋದು ನಿಲ್ಲಿಸಿ ನೋಡಿದ್ರು. ನಾಚಿಕೆಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

ಅಕ್ಕನ ಅತ್ತೆ ಎದ್ದು ನಿಂತರು. “ಅಯ್ಯೋ, ನಿನ್ ಮನೆ ಆಳಾಗ! ನಿನ್ ಚಡ್ಡಿ ಒಗ್ದೂ ಒಗ್ದೂ ಅವ್ಳ ಕೈ ಸವ್ದೋಗಿತ್ತು. ಈಗ ಓಗೋವಾಗ್ಲೂ ಒಗೆಯೋ ಬಟ್ಟೆ ಕೊಟ್ ಕಳುಸ್ತಿದ್ದೀಯಲ್ಲಾ, ಮೂದೇವಿ!”

ಭಾವ ನಕ್ಕೇಬಿಟ್ರು. ನಾನೂ ನಗೋಕೆ ಹೋಗಿ, ಗೊಳೋ ಅಂತ ಅತ್ತುಬಿಟ್ಟೆ.