‘ಬೇಡ’ ಅನ್ನುವ ಬಟನ್ನೇ ಇಲ್ಲ

ನಮ್ಮಣ್ಣನಷ್ಟು ಸಾಧು ಮನುಷ್ಯ ಇಡೀ ವಿದ್ಯಾರಣ್ಯಪುರಂನಲ್ಲೇ ಇಲ್ಲ ಎಂದು ಅವನ ಬೀದಿಯವರೆಲ್ಲ ಹೇಳುತ್ತಾರೆ. ಹೇಳದೆ ಏನು? ಅವನು ಬರೆದ ತಂತ್ರಾಂಶ ಅವರ ಕಂಪ್ಯೂಟರಿನಲ್ಲಿ ಇಲ್ಲವಲ್ಲ. ನನ್ನದರಲ್ಲಿ ಇದೆ.

ಅಗ್ರಹಾರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ, ಗೃಹಪ್ರವೇಶದ ಕರೆಯೋಲೆಗಳನ್ನು ಜೋಡಿಸಿಕೊಡುವ ಕೆಲಸ. ಅದಕ್ಕೆಂದೇ ಅಣ್ಣ ಒಂದು ಕನ್ನಡ ತಂತ್ರಾಂಶ ಬರೆದುಕೊಟ್ಟಿದ್ದ. ಕೊಟ್ಟವನು ಸುಮ್ಮನಿರಬೇಕೋ ಬೇಡವೋ? ವಾರಕ್ಕೆರಡು ಸಲ ಏನೋ ತಿದ್ದುವುದು, ಬ್ಯಾಂಕಿನ ಕೆಲಸಕ್ಕೆ ಹೋಗುವ ದಾರಿಯಲ್ಲಿ ಫ್ಲಾಪಿ ಜೇಬಿಗಿಟ್ಟುಕೊಂಡು ಸ್ಕೂಟರಿನಲ್ಲಿ ಬರುವುದು, ಗಿರಾಕಿಯ ಎದುರೇ "ಸ್ವಲ್ಪ ಏಳಮ್ಮ" ಎಂದು ನನ್ನನ್ನು ಕುರ್ಚಿಯಿಂದ ಎಬ್ಬಿಸುವುದು. ಒಂದು ದಿನ ರೇಗಿಬಿಟ್ಟೆ.

"ಇನ್ಮೇಲೆ ಫ್ಲಾಪಿ ಹಿಡ್ಕೊಂಡು ಅಂಗಡಿಗೆ ಬರ್ಲೇಬೇಡ ಕಣಣ್ಣ."

"ಸರಿ ಬುಡು," ಎಂದು ಹೋದ.

ಎರಡು ತಿಂಗಳಾದ ಮೇಲೆ ಬಂದು, ಇದೇ ಕೊನೆಯ ಫ್ಲಾಪಿ ಎಂದು ಹಾಕಿ ಹೋದ. ಅಂದಿನಿಂದ ಗಂಟೆಗೊಮ್ಮೆ, ಫೋನ್ ತಂತಿಗೆ ಸಿಕ್ಕಿಸಿದ್ದ ನನ್ನ ಮೋಡೆಮ್ ತಾನಾಗಿಯೇ ಕಿರುಚತೊಡಗಿತು. ಅಣ್ಣ ಇಂಟರ್ನೆಟ್ಟಿನಲ್ಲಿ ಹೊಸದೇನಾದರೂ ಇಟ್ಟಿದ್ದಾನೆಯೇ ಎಂದು ತಂತ್ರಾಂಶವೇ ಹೋಗಿ ನೋಡಿಕೊಂಡು ಬರುತ್ತದಂತೆ! ಅಷ್ಟು ಹೊತ್ತೂ ಫೋನ್ ಎಂಗೇಜ್. ಗಿರಾಕಿಗಳ ಬೈಗುಳ ನನಗೆ, ಸಾಧು ಎಂಬ ಹೆಸರು ಅವನಿಗೆ. ಹೊಸದಿದ್ದರೆ ಪರದೆಯ ಮೇಲೊಂದು ಚೌಕ ಮೂಡುತ್ತಿತ್ತು: ‘ಹೊಸದು ಬಂದಿದೆ, ಹಾಕಿಕೊಳ್ಳಲೇ?’ ಕೆಳಗೆ ಒಂದೇ ಬಟನ್: ‘ಹೂಂ.’

"ಬೇಡ ಅನ್ನೋ ಬಟನ್ ಎಲ್ಲಿ?" ಎಂದು ಫೋನಿನಲ್ಲಿ ಕೇಳಿದೆ.

"ಚೆನ್ನಾಗಿರೋದನ್ನ ಯಾರು ಬೇಡ ಅಂತಾರೆ ಕಣಮ್ಮ?"

ಒಂದು ಮಧ್ಯಾಹ್ನ ಕೆಸರೆಯಿಂದ ಬಂದಿದ್ದ ಹೆಣ್ಣಿನ ತಂದೆ ಪಕ್ಕದಲ್ಲಿ ನಿಂತು, ಸುಖಾಗಮನ ಬಯಸುವವರ ನಲವತ್ತು ಹೆಸರು ಬರೆಸಿ ಮುಗಿಸಿದ್ದರು. ಚೌಕ ಬಂತು. ‘ಹೂಂ’ ಒತ್ತದೆ ಬೇರೆ ದಾರಿಯೆಲ್ಲಿದೆ? ತಂತ್ರಾಂಶ ಮುಚ್ಚಿ ಮತ್ತೆ ತೆರೆಯಿತು. ನಲವತ್ತೂ ಹೆಸರು ಮಾಯ. ಪಾಪ, ಅವರು ಮತ್ತೆ ದೊಡ್ಡಪ್ಪನಿಂದ ಶುರುಮಾಡಿದರು.

ಸಂಜೆ ಅಂಗಡಿಗೆ ಬೀಗ ಹಾಕಿ, ಮೈಯೆಲ್ಲ ಉರಿಯುತ್ತ ಅವನ ಮನೆಗೆ ಹೋದೆ. ಬಚ್ಚಲಿನಲ್ಲಿದ್ದ. ಕಂಪ್ಯೂಟರಿನ ಪಕ್ಕದಲ್ಲಿ ಒಂದು ನೋಟ್ ಪುಸ್ತಕ ತೆರೆದಿತ್ತು. ಯಾವ ದಿನ ಏನನ್ನು ತಿದ್ದಿದ, ಏಕೆ ತಿದ್ದಿದ ಎಂದೆಲ್ಲ ಬರೆದಿಟ್ಟಿದ್ದ. ‘ಒತ್ತಕ್ಷರ ಕತ್ತರಿಸಿಹೋಗುತ್ತೆ ಅಂದಳು.’ ‘ಅಕ್ಷರ ಸಣ್ಣದು, ಕಣ್ಣು ನೋಯುತ್ತೆ ಅಂದಳು.’ ‘ಬೇಡ ಅನ್ನೋ ಬಟನ್ ಕೇಳಿದಳು. ಯೋಚಿಸಬೇಕು.’ ಪುಟ ಪುಟವೂ ನಾನು ಫೋನಿನಲ್ಲಿ ಗೊಣಗಿದ್ದೇ.

ಮುಖ ಒರೆಸಿಕೊಳ್ಳುತ್ತ ಬಂದವನನ್ನು ಕೇಳಿದೆ. "ಈ ತಂತ್ರಾಂಶ ಎಷ್ಟು ಜನ ಇಟ್ಕೊಂಡಿದಾರೆ?"

"ನೀನೊಬ್ಳೇ."

"ಒಬ್ಬಳಿಗೋಸ್ಕರ ಇಷ್ಟೆಲ್ಲ ಕಟ್ಟಿದ್ಯಾ?"

"ಇನ್ನೇನ್ ಮಾಡ್ಲಿ? ಅಂಗಡಿಗೆ ಬರ್ಬೇಡ ಅಂದ್ಬುಟ್ಯಲ್ಲ."

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಬೈಗುಳವೆಲ್ಲ ಮರೆತೇಹೋಯಿತು. ಇಂಥವನನ್ನು ಬರಬೇಡ ಅಂದೆನಲ್ಲ ಎಂದು ನಾಚಿಕೆಯಾಯಿತು. ಆದರೂ ಸಿಟ್ಟಿನ ದನಿಯಲ್ಲೇ ಹೇಳಿದೆ.

"ಆ ಹಾಳು ಚೌಕ ಕಿತ್ತಾಕು. ನಾಳೆ ಫ್ಲಾಪಿ ತಗೊಂಡು ನೀನೇ ಬಾ. ಗಿರಾಕಿಗಳು ಬರೋಕ್ ಮುಂಚೆ ಬಾ."

ಅಣ್ಣ ತಲೆಯೆತ್ತದೆ "ಹೂಂ" ಎಂದ.